ಹಸಿರು ಕರಡಿಯ ಸೈಮಿ

ಸೈಮಿ ಹೌಕ್ಕಲ ಅವರು ಕುರ್ಚಿಯ ಮೇಲೆ ಕುಳಿತದ್ದನ್ನು ತಾಂಪೆರೆ ಊರಿನಲ್ಲಿ ಯಾರಾದರೂ ಕಂಡಿದ್ದರೆ ಅದು ಅವರ ಹಲ್ಲಿನ ವೈದ್ಯರೊಬ್ಬರೇ ಇರಬೇಕು. ಆರಡಿಗೆ ಒಂದೆರಡು ಬೆರಳಷ್ಟೇ ಕಡಿಮೆಯಿದ್ದ ಆ ದೀರ್ಘಕಾಯದ ಹೆಂಗಸು ಬ್ಯಾಂಕಿನಲ್ಲಾಗಲಿ, ಬಸ್ ನಿಲ್ದಾಣದಲ್ಲಾಗಲಿ, ತಮ್ಮದೇ ಸನ್ಮಾನ ನಡೆಯುತ್ತಿದ್ದ ಪುರಭವನದಲ್ಲಾಗಲಿ, ಕೊಂಚ ಕಾಯಬೇಕಾದ ಪ್ರಸಂಗ ಬಂದರೆ ಸಾಕು, ಮಡಿಸುವ ಏಣಿಯ ಹಾಗೆ ಮೂರು ಹಂತದಲ್ಲಿ ಮಡಿಚಿಕೊಂಡು ನೆಲದ ಮೇಲೆ ಕೂತುಬಿಡುತ್ತಿದ್ದರು. ಮೊದಮೊದಲು ಜನ ಗಾಬರಿಬಿದ್ದು ವೈದ್ಯರಿಗೆ ಹೇಳಿಕಳಿಸಿದ್ದೂ ಉಂಟಂತೆ. ಆಮೇಲೆ ಊರಿಗೇ ರೂಢಿಯಾಯಿತು. ಅಂಚೆ ಕಚೇರಿಯ ಸಾಲು ಅವರು ಕೂತಲ್ಲಿ ತಾನಾಗಿಯೇ ಒಂದಿಷ್ಟು ಡೊಂಕಾಗಿ ಮುಂದೆ ಸಾಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಕಾರಣ ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. "ನನ್ನ ಗಿರಾಕಿಗಳೆಲ್ಲ ಒಂದು ಮೀಟರ್ ಎತ್ತರದೋರು ಕಣೇ. ಅವ್ರಿಗೆ ಮೇಜು ಅಂದ್ರೆ ಮೇಜಿನ ಅಡಿ. ನಾನು ಮೇಲಿಂದ ನೋಡಿ ಬರೆದ್ರೆ ನಂಬ್ತಾರಾ?"

ಇದು ಬರೀ ಬಾಯಿಮಾತಲ್ಲ. ಅವರು ಚಿತ್ರ ಬರೆದ ಮೂವತ್ತೊಂದು ಮಕ್ಕಳ ಪುಸ್ತಕಗಳಲ್ಲಿ ಯಾವುದನ್ನು ತೆರೆದರೂ ಮೇಜಿನ ಅಡಿಗೆ ಬಡಗಿ ಸೀಮೆಸುಣ್ಣದಲ್ಲಿ ಗೀಚಿದ ಅಂಕಿ, ಯಾರೋ ಅಂಟಿಸಿ ಮರೆತ ಚೂಯಿಂಗ್ ಗಮ್, ಅಜ್ಜಿಯ ಉಣ್ಣೆಯ ಕಾಲುಚೀಲದ ಹಿಮ್ಮಡಿಯ ತೂತು, ಇವೆಲ್ಲ ಸಾಕ್ಷಾತ್ ಕಣ್ಣೆದುರಿಗೆ ಬರುತ್ತವೆ. ದೊಡ್ಡವರಾದರೋ ಅನೇಕ ಪುಟಗಳಲ್ಲಿ ಸೊಂಟದವರೆಗೆ ಮಾತ್ರ ಕಾಣಿಸಿಕೊಂಡು, ಉಳಿದರ್ಧವನ್ನು ಪುಟದ ಆಚೆಗೆ ಬಿಟ್ಟು ನಿಂತಿರುತ್ತಾರೆ. ನಾನು ಈ ಊರಿನ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಮಕ್ಕಳ ಕೈಯಲ್ಲಿ ಜೀರ್ಣವಾಗಿ ಬಂದ ಅವರ ಪುಸ್ತಕಗಳಿಗೆ ನಾನು ಅಂಟಿಸಿದಷ್ಟು ಬೆನ್ನುಪಟ್ಟಿಯನ್ನು ಬೇರೆ ಯಾರ ಪುಸ್ತಕಕ್ಕೂ ಅಂಟಿಸಿಲ್ಲ. ಹೀಗಾಗಿ ನನ್ನ ಮಾತಿನಲ್ಲಿ ಪಕ್ಷಪಾತ ಕಂಡರೆ ಅದು ನಿಜವೇ.

ಅವರ ಮೈಮೇಲೆ ಹನ್ನೆರಡು ತಿಂಗಳೂ ಗಂಡನ ಹಳೆಯ ರೈಲ್ವೆ ಕೋಟು. ಎಡಜೇಬಿನಲ್ಲಿ ಹೆಬ್ಬೆರಳುದ್ದದ ಪೆನ್ಸಿಲ್ ತುಂಡುಗಳು, ಬಲಜೇಬಿನಲ್ಲಿ ರೈ ಧಾನ್ಯದ ಕಪ್ಪು ರೊಟ್ಟಿಯ ಒಣ ಅಂಚು. ಎರಡನ್ನೂ ಕಡಿಯುತ್ತಿದ್ದರು, ಕೆಲವೊಮ್ಮೆ ಅದಲುಬದಲಾಗಿ. ನಡಿಗೆಯಂತೂ ಊರಿಗೇ ಗಂಡಾಂತರ. ಬೀಸುಹೆಜ್ಜೆಯಲ್ಲಿ ಹೋಗುತ್ತಿದ್ದವರು ಯಾವ ಮುನ್ಸೂಚನೆಯೂ ಇಲ್ಲದೆ, ಒಂದು ನಾಯಿಯ ಬಾಲದ ಡೊಂಕನ್ನೋ ಚರಂಡಿಯ ಮುಚ್ಚಳವನ್ನೋ ನೋಡುತ್ತ ಗಕ್ಕನೆ ನಿಂತುಬಿಡುತ್ತಿದ್ದರು. ಜನವರಿಯ ಮಂಜುಗಡ್ಡೆಯ ಮೇಲೆ ಅವರ ಹಿಂದೆ ನಡೆಯುವ ಧೈರ್ಯ ತಿಳಿದವರಾರೂ ಮಾಡುತ್ತಿರಲಿಲ್ಲ. ನಾನು ತಿಳಿಯದೆ ಮಾಡಿ ಮೊಣಕೈ ಮುರಿದುಕೊಂಡೆ. ನಮ್ಮ ಸ್ನೇಹ ಶುರುವಾದದ್ದೇ ಹಾಗೆ, ಆಸ್ಪತ್ರೆಯಲ್ಲಿ. ಮೊಣಕೈಯ ಪ್ಲಾಸ್ಟರ್ ಪಟ್ಟಿ ಒಣಗುವ ಮೊದಲೇ ಅದರ ಮೇಲೆ ಜಾರಿಬೀಳುತ್ತಿರುವ ಒಂದು ಮೊಲವನ್ನು ಬರೆದುಕೊಟ್ಟು, "ಸರಿ ಹಂಗಾದ್ರೆ" ಎಂದರು. ಕ್ಷಮೆ, ಸಮಾಧಾನ, ಬೀಳ್ಕೊಡುಗೆ ಮೂರೂ ಅದರಲ್ಲೇ ಬಂತು.

ಹುಟ್ಟಿದ್ದು ದೇಶದ ಪೂರ್ವಗಡಿಯ ಕರೇಲಿಯದಲ್ಲಿ, ಲಾದೊಗಾ ಸರೋವರದ ದಡದ ಒಂದು ಹಳ್ಳಿಯಲ್ಲಿ. ಯುದ್ಧ ಬಂದಾಗ ಹತ್ತು ವರ್ಷದ ಹುಡುಗಿ, ತಾಯಿ ಮತ್ತು ಒಂದು ಹಸುವಿನೊಡನೆ ಸಾಮಾನಿನ ರೈಲಿನಲ್ಲಿ ಇತ್ತ ಬಂದಳು. ಮೂರು ದಿನದ ಆ ಪ್ರಯಾಣದಲ್ಲಿ ಇದ್ದಿಲಿನಿಂದ ಬೋಗಿಯ ಗೋಡೆಯ ಮೇಲೆ ಹಸುವಿನ ಚಿತ್ರ ಬರೆದಳಂತೆ. ಹಸು ಅದನ್ನು ನೆಕ್ಕಿ ಅಳಿಸಿತಂತೆ. "ನನ್ನ ಮೊದಲ್ನೇ ವಿಮರ್ಶಕಿ. ಅಷ್ಟು ಪ್ರೀತಿಯಿಂದ ಆಮೇಲೆ ಯಾರೂ ವಿಮರ್ಶೆ ಮಾಡ್ಲಿಲ್ಲ" ಎಂದು ನಗುತ್ತಿದ್ದರು. ಇಲ್ಲಿಯ ಬಟ್ಟೆ ಗಿರಣಿಯಲ್ಲಿ ಹದಿನಾರು ವರ್ಷ ಪರದೆಯ ಬಟ್ಟೆಗೆ ಹೂ ಬರೆದರು, ಶಾಲೆಯ ಅಕ್ಷರಮಾಲೆಗೆ ಕೊಡಲಿ ಬುಟ್ಟಿಗಳನ್ನು ಬರೆದರು. ಸ್ವಂತದ್ದೆನ್ನುವ ಮೊದಲ ಚಿತ್ರಪುಸ್ತಕ ಹೊರಬಂದಾಗ ವಯಸ್ಸು ಮೂವತ್ತೆಂಟು. ಕರೇಲಿಯದವರು ಮಾತಿನ ಮಲ್ಲರೆಂದು ಈ ದೇಶದಲ್ಲಿ ಪ್ರತೀತಿ. ಸೈಮಿ ಆ ಪ್ರತೀತಿಗೆ ಚ್ಯುತಿ ತರಲಿಲ್ಲ. 'ಹೌದು' ಎನ್ನುವುದನ್ನು ಮಾತ್ರ ಇಲ್ಲಿಯ ಹೆಂಗಸರ ಹಾಗೆ ಉಸಿರನ್ನು ಒಳಗೆಳೆದುಕೊಂಡೇ ಹೇಳುತ್ತಿದ್ದರು; ಒಪ್ಪಿಗೆ ಎಷ್ಟು ಗಾಢವೋ ಉಸಿರು ಅಷ್ಟು ದೀರ್ಘ.

ಅವರ ಬಳಿ ಒಂದು 'ತಪ್ಪಿನ ಪುಸ್ತಕ' ಇತ್ತು. ಅವರ ಚಿತ್ರಗಳಲ್ಲಿ ತಪ್ಪು ಹಿಡಿದು ಪತ್ರ ಬರೆದ ಮಗುವಿನ ಹೆಸರು, ಊರು, ಹಿಡಿದ ತಪ್ಪು, ಎಲ್ಲವೂ ಅದರಲ್ಲಿ ದಾಖಲು. ಆರನೆಯ ಪುಟದಲ್ಲಿ ಅಂಗಿಗೆ ನಾಲ್ಕು ಗುಂಡಿ, ಹನ್ನೊಂದರಲ್ಲಿ ಐದು. ಬೆಕ್ಕಿನ ಮೀಸೆ ಒಂದು ಕಡೆ ಕಡಿಮೆ. ದೋಣಿಯಲ್ಲಿ ಕೂತ ಅಜ್ಜನಿಗೆ ಎರಡೂ ಎಡಗೈ. ಪ್ರತಿಯೊಂದು ಮಗುವಿಗೂ ಕಾರ್ಡಿನಲ್ಲಿ ಸರಿಪಡಿಸಿದ ಚಿತ್ರದೊಡನೆ ಒಂದೇ ಸಾಲಿನ ಉತ್ತರ ಹೋಗುತ್ತಿತ್ತು: "ತಪ್ಪು ನನ್ನದೇ. ಸೈಮಿ." ಹೀಗಾಗಿ ನಮ್ಮ ಊರಿನ ಮಕ್ಕಳು ಅವರ ಪುಸ್ತಕವನ್ನು ಓದುತ್ತಿರಲಿಲ್ಲ, ತನಿಖೆ ಮಾಡುತ್ತಿದ್ದರು. ಗ್ರಂಥಾಲಯದ ಮೂಲೆಯಲ್ಲಿ ಮೂರು ತಲೆಗಳು ಒಂದೇ ಪುಟದ ಮೇಲೆ ಬಾಗಿ ಗುಂಡಿ ಎಣಿಸುತ್ತಿರುವುದು ನನಗೆ ದಿನನಿತ್ಯದ ನೋಟವಾಗಿತ್ತು. "ತಪ್ಪು ಮಾಡೋದಕ್ಕೆ ನಾಚ್ಕೋಬಾರ್ದು, ಮುಚ್ಚಿಡೋದಕ್ಕೆ ನಾಚ್ಕೋಬೇಕು" ಎಂದು ಶಾಲೆಗಳಿಗೆ ಹೋಗಿ ಹೇಳಿ ಬರುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ತಾವೂ ಸಲ್ಲುತ್ತೇವೆಂಬುದು ಆಗ ಅವರಿಗೇ ಗೊತ್ತಿರಲಿಲ್ಲ.

ಅವರಿಗೆ ಕೀರ್ತಿ ತಂದದ್ದು ಆ ಮೊದಲ ಪುಸ್ತಕವೇ, 'ಕರಡಿಯ ಶನಿವಾರ'. ಶನಿವಾರವೆಂದರೆ ಇಲ್ಲಿ ಮನೆಮನೆಯಲ್ಲೂ ಸೌನಾ, ಹಬೆಸ್ನಾನ. ಒಂದು ಕರಡಿ ತನ್ನ ಸೌನಾಕ್ಕೆ ಕಾಡಿನವರನ್ನೆಲ್ಲ ಕರೆಯುತ್ತದೆ, ಕೊನೆಗೆ ತನಗೇ ಜಾಗವಿಲ್ಲದೆ ಹೊಸ್ತಿಲಲ್ಲಿ ಕೂರುತ್ತದೆ. ಕತೆ ಇಷ್ಟೇ. ಆದರೆ ಆ ಕರಡಿ ಹಸಿರು. ಅದರ ಸುತ್ತಲಿನ ಕಾಡು ಪೂರಾ ಕಂದು. ಪುಸ್ತಕ ಬಂದ ವರ್ಷ ಪತ್ರಿಕೆಗಳು ಕೊಂಡಾಡಿದವು: ಶರತ್ಕಾಲದ ಒಣಕಾಡಿನ ನಡುವೆ ಬೇಸಿಗೆಯನ್ನೇ ಮೈಯಲ್ಲಿ ಹೊತ್ತ ಕರಡಿ, ಎಂಥ ದಿಟ್ಟ ಕಲ್ಪನೆ! ಸರಕಾರದ ಪ್ರಶಸ್ತಿ ಬಂತು. ಆರು ಭಾಷೆಗೆ ಹೋಯಿತು. ನಗರದ ಬಸ್ಸುಗಳ ಮೇಲೂ ಹಸಿರು ಕರಡಿ ಏರಿತು.

ಸೈಮಿ ಬರೆದಿದ್ದದ್ದು ಕಂದು ಕರಡಿಯನ್ನು. ಕಾಡೇ ಹಸಿರಾಗಬೇಕಿತ್ತು.

ಆ ಕಾಲದ ಅಗ್ಗದ ಬಣ್ಣದ ಅಚ್ಚಿನಲ್ಲಿ ಚಿತ್ರಕಾರರೇ ಒಂದೊಂದು ಬಣ್ಣಕ್ಕೆ ಒಂದೊಂದು ಪಾರದರ್ಶಕ ಹಾಳೆ ಮಾಡಿಕೊಡಬೇಕಿತ್ತು. ಹಾಳೆಗಳ ಮೇಲೆ ಎಲ್ಲವೂ ಬರೀ ಕಪ್ಪು. ಕರಡಿ, ಸೌನಾದ ಮರದ ಗೋಡೆ, ಮೊಲದ ಅಂಗಿ ಒಂದು ಕಟ್ಟಿನಲ್ಲಿ. ಹುಲ್ಲು, ಮರ, ಎಲೆ ಇನ್ನೊಂದು ಕಟ್ಟಿನಲ್ಲಿ. ಕಟ್ಟಿನ ಮೊದಲ ಹಾಳೆಯ ಮೂಲೆಯಲ್ಲಿ ಬಣ್ಣದ ಹೆಸರು ಬರೆದುಕೊಟ್ಟರೆ ಅಚ್ಚಿನವರು ಅದನ್ನು ನೋಡಿ ಶಾಯಿ ಹಾಕುವರು. ಎಲ್ಲ ಬಣ್ಣವೂ ಒಂದರ ಮೇಲೊಂದು ಕೂತಾಗಲೇ ಚಿತ್ರ ಮೊದಲ ಸಲ ಕಣ್ಣಿಗೆ ಬೀಳುತ್ತಿದ್ದದ್ದು.

ಪುಸ್ತಕ ಕೈಗೆ ಬಂದ ದಿನ ಸೈಮಿ ರುದ್ರಾವತಾರ ತಾಳಿ ಅಚ್ಚುಕೂಟಕ್ಕೆ ನುಗ್ಗಿದರು. "ನಿಮ್ಮ ಅಚ್ಚಿನೋನಿಗೆ ಕಣ್ಣಿಲ್ವಾ?" ಎಂದು ಮಾಲೀಕರ ಮುಂದೆ ಕೂಗಾಡಿದರು. ಬಣ್ಣದ ಯಂತ್ರ ನಡೆಸುತ್ತಿದ್ದವರು ತೌನೊ ಕೇತೊಲ ಎಂಬ ಹಾಮೆ ಸೀಮೆಯ ಮನುಷ್ಯ, ಮೂವತ್ತಾರರ ಪ್ರಾಯ. ಹಾಮೆಯವರು ನಿಧಾನಕ್ಕೂ ಮೌನಕ್ಕೂ ಹೆಸರಾದವರು. "ಕಟ್ಟು ಅದಲುಬದಲು ಮಾಡಿದೆಯೇನಯ್ಯ?" ಎಂದು ಮಾಲೀಕರು ಕೇಳಿದರೆ ತೌನೊ ಕೊಂಚ ಯೋಚಿಸಿ, "ಹಂಗೇ ಆಗಿರ್ಬೇಕು" ಎಂದರಂತೆ. ಮರುವಾರವೇ ಅವರನ್ನು ಬಣ್ಣದ ಯಂತ್ರದಿಂದ ತೆಗೆದು ಮೀನಿನ ಡಬ್ಬಿಯ ಚೀಟಿ ಅಚ್ಚುಮಾಡುವ ಕೋಣೆಗೆ ಹಾಕಿದರು. ನಿವೃತ್ತಿಯವರೆಗೂ ತೌನೊ ಅಲ್ಲೇ ಉಳಿದರು. ಇತ್ತ ಕೀರ್ತಿ ಬರಬರುತ್ತ ಸೈಮಿಯವರ ಸಿಟ್ಟು ಇಳಿಯಿತು. "ಅದು ಹಂಗೇ ಆಗೋಯ್ತು" ಎಂದು ಅವರು ಸಂದರ್ಶಕರಿಗೆ ಹೇಳಿದರೆ ಜನ ಅದನ್ನು ವಿನಯವೆಂದುಕೊಂಡು ಇನ್ನಷ್ಟು ಮೆಚ್ಚಿಕೊಂಡರು.

ಈ ಕತೆಯನ್ನು ಅವರ ಬಾಯಲ್ಲೇ ನಾನು ಹತ್ತು ಸಲವಾದರೂ ಕೇಳಿದ್ದೆ. ಪ್ರತಿ ಸಲವೂ ಕೊನೆಯ ಮಾತು ಒಂದೇ: "ಆ ಮನುಷ್ಯನ್ನ ನಾನು ಯಾವಾಗ್ಲೋ ಕ್ಷಮಿಸಿಬಿಟ್ಟಿದೀನಿ." ಶನಿವಾರ ಬೆಳಿಗ್ಗೆ ತಮ್ಮೆಲ ಚೌಕದ ಸಂತೆಯಲ್ಲಿ, ರಕ್ತ ಬೆರೆಸಿ ಮಾಡುವ ಕರಿ ಸಾಸೇಜಿನ ಅಂಗಡಿಯ ಮುಂದೆ, ಊರಿನ ಅರ್ಧ ಜನದಂತೆ, ಅವರಿಬ್ಬರೂ ನಿಲ್ಲುತ್ತಿದ್ದರು. ಈ ತುದಿಯಲ್ಲಿ ಸೈಮಿ, ಆ ತುದಿಯಲ್ಲಿ ತೌನೊ. ಸೈಮಿ ಮಹಾತ್ಮರ ಗತ್ತಿನಲ್ಲಿ ತಲೆಯಾಡಿಸುವರು, ತೌನೊ ಟೋಪಿ ಮುಟ್ಟುವರು. ಮೂವತ್ತು ವರ್ಷದಲ್ಲಿ ಮಾತೆಂಬುದಿಲ್ಲ.

ಎರಡು ಸಾವಿರದ ಒಂದರಲ್ಲಿ ನಮ್ಮ ಗ್ರಂಥಾಲಯ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಹಳೆಯ ಹಾಳೆಗಳಿಗಾಗಿ ಅವರ ಮನೆಯ ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಸಿದೆವು. ಅಚ್ಚುಕೂಟ ವಾಪಸು ಕಳಿಸಿದ ದಿನ ಸಿಟ್ಟಿನಲ್ಲಿ ಮೊಳೆ ಹೊಡೆದಿಟ್ಟ ಪೆಟ್ಟಿಗೆ, ಅಲ್ಲಿಂದೀಚೆಗೆ ತೆರೆದಿರಲಿಲ್ಲ. ನಾನು ಮೇಲಿನ ಕಟ್ಟಿನ ದಾರ ಬಿಚ್ಚಿದೆ.

"ಹಸಿರು ಅಂತ ಬರೆದಿದೆ. ಒಳಗೆ ಕರಡಿ ಇದೆ" ಎಂದೆ.

"ಮರ ಇರ್ಬೇಕು, ಸರಿಯಾಗಿ ನೋಡು."

"ಕರಡಿನೇ. ಇದೇ ಹಾಳೆಯ ಮೂಲೆಯಲ್ಲೇ ಹಸಿರು ಅಂತ ಇದೆ. ನಿಮ್ಮ ಅಕ್ಷರ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದು ಕಟ್ಟನ್ನೂ ನೋಡಿದರು. ಮರಗಳ ಹಾಳೆಯ ಮೂಲೆಯಲ್ಲಿ, ಅದೇ ಕೋಳಿಗಾಲಿನ ಅಕ್ಷರದಲ್ಲಿ, 'ಕಂದು'. ಆ ಹಾಳೆಗಳಿಗೆ ಹೆಸರು ಬರೆದು ಕಟ್ಟು ಕಟ್ಟಿದ್ದು ಗಂಡನನ್ನು ಮಣ್ಣುಮಾಡಿದ ಮರುದಿನವಂತೆ. ಕೈಗೆ ಏನಾದರೂ ಕೆಲಸ ಬೇಕಿತ್ತಂತೆ. ನಾನು ಅದುವರೆಗೆ ಕೇಳಿರದಷ್ಟು ದೀರ್ಘವಾಗಿ ಉಸಿರೆಳೆದುಕೊಂಡು, "ಹೌದು" ಎಂದರು. ತಪ್ಪಿನ ಪುಸ್ತಕ ತರಿಸಿ ತಾವೇ ಬರೆದರು: 'ಕರಡಿ. ಎಲ್ಲ ಪುಟ. ಹಿಡಿದವರು: ಸೈಮಿ ಹೌಕ್ಕಲ, ವಯಸ್ಸು ಎಪ್ಪತ್ತೆರಡು.'

ಇಲ್ಲಿ ನನ್ನ ಪಾತ್ರವನ್ನೂ ಹೇಳಿಬಿಡಬೇಕು, ಅದೇನೂ ಮೆಚ್ಚುವಂಥದ್ದಲ್ಲ. ಭಿತ್ತಿಪತ್ರಗಳೆಲ್ಲ ಅಚ್ಚಾಗಿದ್ದವು, ಎಲ್ಲದರ ಮೇಲೂ 'ದಿಟ್ಟ ಕಲ್ಪನೆಯ' ಹಸಿರು ಕರಡಿ. "ಹೋಗ್ಲಿ ಬಿಡಿ, ಈಗ ಯಾಕೆ ಕೆದಕೋದು? ಯಾರಿಗೂ ಗೊತ್ತಾಗಲ್ಲ" ಎಂದೆ.

ಸೈಮಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾಲ್ಕು ಗುಂಡಿಗೆ ಕಾರ್ಡ್ ಬರೀತೀನಿ, ಒಬ್ಬ ಮನುಷ್ಯನ ಹೊಟ್ಟೆಪಾಡಿಗೆ ಬರೀಬಾರ್ದಾ? ಯಂತ್ರದಿಂದ ಅವನ್ನ ಇಳಿಸಿದ್ದು ನನ್ನ ಬಾಯಿ ಕಣೇ." ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಶನಿವಾರ ಸಂತೆಗೆ ಜೊತೆಗೆ ಹೋದೆ. ಸೈಮಿ ತಮ್ಮ ತುದಿ ಬಿಟ್ಟು ಆ ತುದಿಗೆ ನಡೆದದ್ದನ್ನು ಕಂಡು ಸಾಸೇಜಿನ ಅಂಗಡಿಯವಳ ಕೈಯ ಚಿಮಟ ಗಾಳಿಯಲ್ಲೇ ನಿಂತಿತು.

"ಕೇತೊಲ ಅವ್ರೇ, ಕರಡಿ ತಪ್ಪು ನಂದು. ಹಾಳೆ ಮೇಲೆ ನನ್ನ ಕೈಬರಹ ಇದೆ."

ತೌನೊ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದರು. ಅದರ ಮೇಲೆ ಒಂದು ಗುಟುಕು ಹಾಲು ಕುಡಿದರು.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಅರವತ್ತೇಳರಿಂದ."

"ಮತ್ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಸೈಮಿಯವರ ಕರೇಲಿಯದ ರಕ್ತ ಕುದಿಯಿತು. "ಮೂವತ್ನಾಲ್ಕು ವರ್ಷ ನಿಮ್ಮನ್ನ ಕ್ಷಮಿಸ್ಕೊಂಡು ಓಡಾಡಿದೀನಲ್ರೀ! ಅದೇನು ಸುಲಭದ ಕೆಲ್ಸ ಅಂದ್ಕೊಂಡ್ರಾ?"

"ಕಾಣ್ತಿತ್ತು" ಎಂದರು ತೌನೊ. "ಶನಿವಾರ ಶನಿವಾರ ತಲೆ ಆಡಿಸ್ತಿದ್ರಲ್ಲ."

ನಾನು ನಗು ತಡೆಯಲಾಗದೆ ಹಾಲಿನ ಲೋಟದೊಳಗೆ ಮುಖ ಮುಚ್ಚಿಕೊಂಡೆ. ತೌನೊ ತಮ್ಮ ಮಟ್ಟಿಗೆ ಒಂದು ವರ್ಷಕ್ಕಾಗುವಷ್ಟು ಮಾತನ್ನು ಆ ಬೆಳಿಗ್ಗೆ ಖರ್ಚುಮಾಡಿದರು. ಮೊದಲ ಹಾಳೆ ಯಂತ್ರದಿಂದ ಹೊರಬಂದಾಗಲೇ ಕರಡಿ ಹಸಿರಾಗಿದ್ದನ್ನು ನೋಡಿದ್ದರು. ಕೇಳಬೇಕೆನಿಸಿತ್ತು. ಆದರೆ ಚಿತ್ರ ಬರೆಯುವವರು ಏನೇನೋ ಮಾಡುತ್ತಾರೆ, ಅವರ ಕೆಲಸದಲ್ಲಿ ಮೂಗು ತೂರಿಸಲು ನಾನ್ಯಾರು ಎಂದು ಸುಮ್ಮನಾದರು. ಇಲ್ಲಿ ಕೇಳದೆ ಬಾಯಿ ಹಾಕುವುದು ಕದಿಯುವುದಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ. ಆಮೇಲೆ ಕೂಗಾಟ ನಡೆದಾಗ ಹಾಳೆ ತಂದು ತೋರಿಸಬಹುದಿತ್ತು. "ನೀವು ಕಪ್ಪು ಬಟ್ಟೇಲಿದ್ರಿ. ಗಂಡ ಹೋಗಿ ಆರು ತಿಂಗ್ಳೂ ಆಗಿರ್ಲಿಲ್ಲ. ಎಲ್ರ ಮುಂದೆ ಹೆಂಗೆ ತೋರ್ಸೋದು?" ಎಂದರು. "ಅದೂ ಅಲ್ದೆ, ನೋಡಿಯೂ ಕೇಳ್ಲಿಲ್ಲ ನಾನು. ಅರ್ಧ ತಪ್ಪು ನಂದು."

"ಅರ್ಧ ಗಿರ್ಧ ಎಲ್ಲ ಕೊಡಕ್ಕಾಗಲ್ಲ. ಪೂರ್ತಿ ನಂದೇ."

"ಅರ್ಧ ನಂದು."

"ಕಾಲು ತಗೊಳ್ಳಿ, ಬೇಕಾದ್ರೆ."

"ಅರ್ಧ."

"ತಪ್ಪು ಹಂಚ್ಕೊಳ್ಳೋದಾದ್ರೆ ಪಕ್ಕಕ್ಕೆ ಬನ್ನಿ ಇಬ್ರೂ. ಹಿಂದೆ ಜನ ಹಸ್ಕೊಂಡು ನಿಂತಿದಾರೆ" ಎಂದಳು ಅಂಗಡಿಯವಳು.

ಪಕ್ಕಕ್ಕೆ ಬಂದ ಮೇಲೆ ತೌನೊ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಇನ್ನೊಂದು ಮಾತು ಹೇಳಿದರು. "ಮೀನಿನ ಚೀಟಿ ಕೆಲ್ಸ ಕೆಟ್ಟದ್ದೇನಲ್ಲ. ಒಳ್ಳೇ ಕೆಂಪು ಹಾಕ್ತಿದ್ದೆ. ಮಗಳು ಚಿಕ್ಕೋಳಿದ್ದಾಗ ಮಾತ್ರ... ಇದು ನಿಮ್ಮಪ್ಪ ಮಾಡಿದ್ದು ಅಂತ ತೋರ್ಸೋಕೆ ಒಂದು ಪುಸ್ತಕ ಇರ್ಲಿಲ್ಲ." ಸೈಮಿ ಎಡಜೇಬಿನಿಂದ ಪೆನ್ಸಿಲ್ ತುಂಡು ತೆಗೆದು, ಸಾಸೇಜು ಕಟ್ಟಿಕೊಟ್ಟ ಕಾಗದದ ಮೇಲೆ ಅವರ ಹೆಸರನ್ನು ಬರೆದುಕೊಂಡರು.

ಪ್ರದರ್ಶನದ ಉದ್ಘಾಟನೆಗೆ ಎಂಬತ್ತು ಮಕ್ಕಳು, ಅಷ್ಟೇ ದೊಡ್ಡವರು, ಎರಡು ಪತ್ರಿಕೆಯವರು. ತೌನೊ ಇಸ್ತ್ರಿ ಹಾಕಿದ ಕೋಟಿನಲ್ಲಿ ಬಂದು ಬಾಗಿಲ ಹತ್ತಿರ, ಹೊರಗೆ ಜಾರಿಕೊಳ್ಳಲು ಅನುಕೂಲವಾಗುವಲ್ಲಿ ನಿಂತರು. ಸೈಮಿ ಮಕ್ಕಳ ನಡುವೆ ನೆಲದ ಮೇಲೆ ಕೂತು, ಸ್ವಾಗತ ಭಾಷಣ ಮುಗಿಯುವವರೆಗೂ ಕಾಯದೆ, ಹೇಳಿಯೇಬಿಟ್ಟರು. ಕರಡಿ ಕಂದು ಇರಬೇಕಿತ್ತು, ಹೆಸರು ಬರೆಯುವಾಗ ತಪ್ಪಿದ್ದು ತಾವೇ, ದಿಟ್ಟ ಕಲ್ಪನೆ ಮಣ್ಣಂಗಟ್ಟಿ ಏನೂ ಇಲ್ಲ. ಒಬ್ಬ ಪತ್ರಕರ್ತನ ಪೆನ್ನು ಕೆಳಗೆ ಬಿತ್ತು.

ಮುಂದಿನ ಸಾಲಿನಲ್ಲಿ ಕೂತಿದ್ದ, ಎದುರಿನ ಎರಡು ಹಲ್ಲು ಬಿದ್ದಿದ್ದ ಒಬ್ಬಳು ಹುಡುಗಿ ಕೈ ಎತ್ತಿದಳು.

"ಕರಡಿಗೆ ಇದು ಗೊತ್ತಾ?"

"ಇಲ್ಲ" ಎಂದರು ಸೈಮಿ.

"ಹಂಗಾದ್ರೆ ಹೇಳ್ಬೇಡಿ."

ನಗು ಎದ್ದಿತು. ಸೈಮಿ ನಗಲಿಲ್ಲ. "ಇನ್ನೂ ಇದೆ, ಕೇಳು. ತಪ್ಪು ನಾನು ಮಾಡಿ, ಬೈಸಿದ್ದು ಅಲ್ಲಿ ನಿಂತಿದಾರಲ್ಲ, ಆ ತಾತಂಗೆ. ಅವ್ರಿಗೆ ನಿಜ ಗೊತ್ತಿತ್ತು. ಹೇಳ್ಲಿಲ್ಲ."

ಎಂಬತ್ತು ತಲೆಗಳು ಬಾಗಿಲ ಕಡೆ ತಿರುಗಿದವು. ತೌನೊ ಟೋಪಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಿಮಗೆ ಬೇಜಾರಾಯ್ತಾ?" ಎಂದಳು ಹುಡುಗಿ.

ತೌನೊ ತಮ್ಮ ಪದ್ಧತಿಯಂತೆ ಯೋಚಿಸಿದರು. "ಸ್ವಲ್ಪ" ಎಂದರು. ಹಾಮೆ ಸೀಮೆಯಲ್ಲಿ ಆ ಮಾತಿನ ತೂಕ ಏನೆಂದು ಬಲ್ಲ ದೊಡ್ಡವರೆಲ್ಲ ತಲೆ ತಗ್ಗಿಸಿದರು.

"ಈಗ?"

"ಈಗಿಲ್ಲ."

ಸಮಾಧಾನವಾಯಿತೆಂಬಂತೆ ಹುಡುಗಿ ಕೈ ಕೆಳಗಿಳಿಸಿದಳು. ತೌನೊ ಕಿಟಕಿಯ ಕಡೆ ತಿರುಗಿಕೊಂಡು, ಆ ಗಾಜಿನಲ್ಲಿ ನೋಡುವಂಥದ್ದೇನೋ ಇದೆಯೆಂಬ ಹಾಗೆ ಬಹಳ ಹೊತ್ತು ನಿಂತಿದ್ದರು.

ಮರುವರ್ಷ ಪುಸ್ತಕದ ಹೊಸ ಮುದ್ರಣ ಬಂತು. ಕರಡಿ ಹಸಿರಾಗಿಯೇ ಉಳಿಯಿತು. ಅದನ್ನು ಕಂದು ಮಾಡುವ ಮಾತನ್ನು ಪ್ರಕಾಶಕರು ಎತ್ತಿದಾಗ, ಮಕ್ಕಳ ಆಣತಿಯನ್ನು ಮೀರುವುದು ತಮ್ಮಿಂದಾಗದು ಎಂದರು ಸೈಮಿ. ಮೊದಲ ಪುಟದಲ್ಲಿ ಮಾತ್ರ ಒಂದು ಸಾಲು ಹೊಸದು: 'ಚಿತ್ರ: ಸೈಮಿ ಹೌಕ್ಕಲ. ಬಣ್ಣ: ತೌನೊ ಕೇತೊಲ.' ಎರಡು ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿ. ಮೊದಲ ಪ್ರತಿಯನ್ನು ತೌನೊ ಅಂಚೆಯಲ್ಲಿ ಮಗಳಿಗೆ ಕಳಿಸಿದರು. ಅವಳಿಗೆ ಆಗ ನಲವತ್ತೆರಡು. ಆಮೇಲಿನ ಒಂಬತ್ತು ವರ್ಷ, ಸೈಮಿ ತೀರಿಕೊಳ್ಳುವವರೆಗೆ, ಸಾಸೇಜಿನ ಅಂಗಡಿಯ ಮುಂದೆ ಅವರಿಬ್ಬರೂ ಒಂದೇ ತುದಿಯಲ್ಲಿ ನಿಂತು ಆ ಅರ್ಧಕ್ಕಾಗಿ ಕಿತ್ತಾಡುತ್ತಿದ್ದರು. ವ್ಯಾಜ್ಯ ಇತ್ಯರ್ಥವಾದ ಸುದ್ದಿ ನನಗೆ ಬರಲಿಲ್ಲ.

ಮಕ್ಕಳಿಗಾಗಿ ಚಿತ್ರ ಬರೆಯುವ ಹಲವರನ್ನು ನನ್ನ ವೃತ್ತಿಯಲ್ಲಿ ನಾನು ಬಲ್ಲೆ. ಅವರೇನೂ ಸಾಧುಸಂತರಲ್ಲ, ಸಿಟ್ಟು, ಹಮ್ಮು, ಕ್ಷಮಿಸುವ ಸುಖದ ಚಪಲ, ಎಲ್ಲ ನಮ್ಮಷ್ಟೇ ಉಂಟು. ಆದರೆ ಅವರು ಎಂಥವರ ಕಣ್ಣೆದುರು ದುಡಿಯುತ್ತಾರೆಂಬುದರಲ್ಲಿ ವ್ಯತ್ಯಾಸವಿದೆ. ದೊಡ್ಡವರ ಮುಂದೆ ತಪ್ಪೊಪ್ಪಿಕೊಂಡರೆ ನಾವು ಒಪ್ಪಿಕೊಂಡವರನ್ನು ಹೊಗಳಿ ಮನೆಗೆ ಹೋಗುತ್ತೇವೆ. ಮಕ್ಕಳು ಅಷ್ಟಕ್ಕೆ ಏಳುವುದಿಲ್ಲ. ಪೆಟ್ಟು ತಿಂದವರು ಯಾರು, ಎಲ್ಲಿ ನಿಂತಿದ್ದಾರೆ ಎಂದು ತಿರುಗಿ ನೋಡುತ್ತಾರೆ, ನೋವಾಯಿತೇ ಎಂದು ಅವರನ್ನೇ ಕೇಳುತ್ತಾರೆ. ಅಂಥ ಓದುಗರಿಗಾಗಿ ಆಯುಷ್ಯವಿಡೀ ಚಿತ್ರ ಬರೆದವರು, ಎಷ್ಟೇ ತಡವಾಗಲಿ, ಕೊನೆಗೆ ಆ ಕಡೆಗೇ ತಿರುಗುತ್ತಾರೆ.